ಕುದುರೆ ರಾತ್ರಿ ಎಲ್ಲಿ ಮಲಗುತ್ತದೆ? ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಮೈಸೂರು ಟಾಂಗಾಗಳ ಚಿತ್ರಲೇಖನವನ್ನು ಓದಿ ಮುಂಬೈ ಬಳಿಯ ಡೊಂಬಿವಲಿಯಿಂದ ತಾವು ಬರೆದ ನಾಲ್ಕು ಪುಟಗಳ ಪತ್ರ ತಲುಪಿದೆ. ಅದನ್ನು ಪೂರ್ತಿಯಾಗಿ ಅಚ್ಚು ಹಾಕಲು ಸ್ಥಳ ಸಾಲದ ಕಾರಣ ಇತರ ಓದುಗರಿಗಾಗಿ ಸಾರವನ್ನಷ್ಟೇ ಇಲ್ಲಿ ಹೇಳುತ್ತೇನೆ. ಏಪ್ರಿಲ್ ರಜೆಯಲ್ಲಿ ತಾವು ಮಗಳು, ಅಳಿಯ ಮತ್ತು ಮೊಮ್ಮಗಳೊಂದಿಗೆ ಮೈಸೂರಿಗೆ ಬಂದು ಅರಮನೆಯ ಬಳಿ ಟಾಂಗಾ ಹತ್ತಿದಿರಿ. ಕೆ.ಆರ್. ವೃತ್ತದ ಹತ್ತಿರ ಬಸ್ಸೊಂದು ಬೆನ್ನ ಹಿಂದೆಯೇ ಹಾರ್ನ್ ಹೊಡೆದಾಗ ಕುದುರೆ ಬೆದರಿತು, ಅದರ ಹಿಂಗಾಲು ಡಾಂಬರಿನ ಮೇಲೆ ಜಾರಿತು. ತಾವು ಅಲ್ಲೇ ಇಳಿದು, ಪೂರ್ತಿ ಬಾಡಿಗೆ ಕೊಟ್ಟು, ಆಟೋ ಹಿಡಿದು ವಸತಿಗೃಹಕ್ಕೆ ಮರಳಿದಿರಿ. ಮುಂಬೈ ತನ್ನ ವಿಕ್ಟೋರಿಯಾ ಎಂಬ ಕುದುರೆಗಾಡಿಗಳನ್ನು 2015ರಲ್ಲೇ ಬೇಡವೆಂದಿತು, ಬೆಂಗಳೂರಿನ ಜಟಕಾಗಳು ತಾವಾಗಿಯೇ ಮರೆಯಾದವು, ಮೈಸೂರು ಮಾತ್ರ ಹಿಂಸೆಗೆ ಪರಂಪರೆಯ ಪೇಟ ತೊಡಿಸಿ ಮೆರೆಸುತ್ತಿದೆ, ಅದಕ್ಕೆ ನಮ್ಮ ಪತ್ರಿಕೆಯೂ ಚಾಮರ ಬೀಸಿದೆ ಎಂಬುದು ತಮ್ಮ ಆಕ್ಷೇಪ. ಮುಂದಿನ ದಸರೆಯೊಳಗೆ ಟಾಂಗಾಗಳನ್ನು ನಿಷೇಧಿಸುವಂತೆ ಸಂಪಾದಕೀಯ ಬರೆಯಬೇಕು, ಚಿತ್ರಲೇಖನವನ್ನು ಹಿಂತೆಗೆದುಕೊಳ್ಳಬೇಕು ಎಂದು ಎರಡು ಬೇಡಿಕೆಗಳನ್ನೂ ಇಟ್ಟಿದ್ದೀರಿ.

ಪತ್ರದ ಮೂರನೆಯ ಪುಟದಲ್ಲಿ, ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ, ತಮ್ಮ ಮೊಮ್ಮಗಳು ಟಾಂಗಾದವರನ್ನು ‘ಕುದುರೆ ರಾತ್ರಿ ಎಲ್ಲಿ ಮಲಗುತ್ತೆ?’ ಎಂದು ಕೇಳಿದಳೆಂದೂ ಅವರು ‘ಮನೆ ಹತ್ರ’ ಎಂದಷ್ಟೇ ಹೇಳಿ ಲಗಾಮಿನ ಕಡೆ ತಿರುಗಿದರೆಂದೂ ಬರೆದಿದ್ದೀರಿ. ನಾಲ್ಕು ಪುಟಗಳ ಉಳಿದ ಮಾತುಗಳಿಗೆ ಉತ್ತರ ಕೊಡುವುದು ನನಗೆ ಅಷ್ಟೇನೂ ಕಷ್ಟವೆನಿಸಲಿಲ್ಲ. ಈ ಒಂದು ಸಾಲಿಗೆ ಉತ್ತರವಿಲ್ಲದೆ ನಾನೇ ಒಂದು ಬೆಳಿಗ್ಗೆ ಹೋಗಿ ನೋಡಿ ಬರಬೇಕಾಯಿತು.

ಮೊದಲು ತಮ್ಮ ಊರಿನ ತೀರ್ಪಿನ ಮಾತು. ಪ್ರಾಣಿದಯಾ ಸಂಸ್ಥೆಯೊಂದು 2011ರಲ್ಲಿ ಸಲ್ಲಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿಗಳಾದ ಎ.ಎಸ್. ಓಕಾ ಮತ್ತು ಎ.ಕೆ. ಮೆನನ್ ಅವರ ಪೀಠ 2015ರ ಜೂನ್ 8ರಂದು ತೀರ್ಪು ನೀಡಿತು. (ಓಕಾ ಅವರು ಮುಂದೆ 2019ರಲ್ಲಿ ನಮ್ಮ ಹೈಕೋರ್ಟಿಗೇ ಮುಖ್ಯ ನ್ಯಾಯಮೂರ್ತಿಯಾಗಿ ಬಂದದ್ದು ತಮಗೆ ನೆನಪಿರಬಹುದು.) ಮನುಷ್ಯರ ಮೋಜಿಗಾಗಿ ಕುದುರೆಗಳಿಂದ ಗಾಡಿ ಎಳೆಸುವುದು ತಪ್ಪಿಸಬಹುದಾದ ಕೆಲಸ, ಆದ್ದರಿಂದ ಅದು ಕಾನೂನುಬಾಹಿರ ಎಂಬ ಮಾತನ್ನು ಎಲ್ಲ ಪತ್ರಿಕೆಗಳೂ ತಲೆಬರಹ ಮಾಡಿದವು. ಅದೇ ತೀರ್ಪಿನಲ್ಲಿ ಲಾಯಗಳ ವಿಷಯವೂ ಇದೆ, ಅದು ತಲೆಬರಹವಾಗಲಿಲ್ಲ. ಮುಂಬೈ ಮಹಾನಗರ ಪಾಲಿಕೆ ಕಾಯಿದೆ 1888ರ 394ನೆಯ ಕಲಮಿನ ಪ್ರಕಾರ ಕುದುರೆ ಲಾಯ ನಡೆಸಲು ಪಾಲಿಕೆಯ ಪರವಾನಗಿ ಬೇಕು. ಆ ಪರವಾನಗಿ ಇಲ್ಲದ ಲಾಯಗಳನ್ನು ಒಂದು ವರ್ಷದೊಳಗೆ ಮುಚ್ಚಬೇಕೆಂದು ನ್ಯಾಯಾಲಯ ಹೇಳಿತು. ನಾರಿಮನ್ ಪಾಯಿಂಟಿನಲ್ಲಿ ಬೆಳ್ಳಿ ಬಣ್ಣದ ತಗಡು ಬಡಿದು ದೀಪದ ಸರ ಸುತ್ತಿ ನಿಂತ ಗಾಡಿಯನ್ನು ಊರೆಲ್ಲ ನೋಡುತ್ತಿತ್ತು, ಅದನ್ನು ಎಳೆದ ಪ್ರಾಣಿ ಉಳಿದ ಹೊತ್ತು ಎಲ್ಲಿ ನಿಂತಿರುತ್ತದೆ ಎಂಬುದನ್ನು ನೋಡಿದವರು ಕಡಿಮೆ.

ಆ ತೀರ್ಪನ್ನು ನಾನು ಗೌರವಿಸುತ್ತೇನೆ. ಆದರೆ ‘ಮುಂಬೈ ನಿಲ್ಲಿಸಿತು’ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಸರಿಯಲ್ಲ. ಗಾಡಿಯ ಮಾಲೀಕರಿಗೂ ಚಾಲಕರಿಗೂ ಪುನರ್ವಸತಿ ಕಲ್ಪಿಸಬೇಕು, ಕುದುರೆಗಳ ಗತಿಯನ್ನೂ ಯೋಚಿಸಬೇಕು ಎಂದು ನ್ಯಾಯಾಲಯ ಸರ್ಕಾರಕ್ಕೆ ಹೇಳಿತ್ತು. ಯೋಜನೆ ಒಂದು ರೂಪಕ್ಕೆ ಬರುವ ಹೊತ್ತಿಗೆ ಕೊಟ್ಟ ಒಂದು ವರ್ಷದ ಗಡುವು ದಾಟಿಹೋಗಿತ್ತು. ವಿಕ್ಟೋರಿಯಾಗಳ ಆಕಾರದಲ್ಲೇ ಮಾಡಿದ ಬ್ಯಾಟರಿ ಗಾಡಿಗಳು ದಕ್ಷಿಣ ಮುಂಬೈಯ ರಸ್ತೆಗೆ ಇಳಿದದ್ದು 2021ರ ಮಾರ್ಚಿನಲ್ಲಿ, ಅಂದರೆ ತೀರ್ಪು ಬಂದು ಸುಮಾರು ಆರು ವರ್ಷಗಳ ಮೇಲೆ. ಈ ನಡುವಿನ ಕಾಲದಲ್ಲಿ ಆಟೋ ಚಾಲಕನಿಗೆ ಇರುವ ಅನುಕೂಲ ಕುದುರೆಯವನಿಗೆ ಇಲ್ಲ: ಆಟೋವನ್ನು ಮೂಲೆಯಲ್ಲಿ ನಿಲ್ಲಿಸಿದರೆ ಅದು ಪೆಟ್ರೋಲು ಕುಡಿಯುವುದಿಲ್ಲ, ಕುದುರೆ ದುಡಿಯದಿದ್ದರೂ ಮೇವು ಕೇಳುತ್ತದೆ, ಅದೂ ಇಪ್ಪತ್ತೈದು ಮೂವತ್ತು ವರ್ಷ ಬಾಳುವ ಪ್ರಾಣಿ. 2020ರ ಲಾಕ್‌ಡೌನಿನಲ್ಲಿ ಮೈಸೂರಿನ ಟಾಂಗಾದವರು ಹುಲ್ಲು ಹುರುಳಿಗಾಗಿ ದಾನಿಗಳ ದಾರಿ ಕಾದದ್ದನ್ನು ಕಂಡವರಿಗೆ, ದುಡಿಮೆ ನಿಂತ ಮಾತ್ರಕ್ಕೆ ಕುದುರೆಗೆ ಸುಖ ಬರುತ್ತದೆಂದು ಹೇಳುವ ಧೈರ್ಯ ಬರಲಾರದು.

ನಾನು ಹೋದದ್ದು ಒಂದು ಭಾನುವಾರ, ಬೆಳಿಗ್ಗೆ ಆರೂವರೆಗೆ. ಸ್ಥಳದ ಗುರುತು ಬೇಡ, ಅಲ್ಲಿಯವರು ಬಡವರು, ಅವರ ಮೇಲೆ ನೋಟಿಸು ಬರುವುದು ನನ್ನ ಉದ್ದೇಶವಲ್ಲ. ಮನೆಯ ಗೋಡೆಗೆ ಆನಿಸಿ ಇಳಿಬಿಟ್ಟ ತಗಡಿನ ಚಪ್ಪರ, ಅದರ ಕೆಳಗೆ ಎರಡು ಕುದುರೆಗಳು, ನೆಲಕ್ಕೆ ಹಾಸಿದ ಕಲ್ಲುಚಪ್ಪಡಿ. ಚಪ್ಪರದ ಅಗಲ ಕುದುರೆಗಳು ನಿಲ್ಲುವಷ್ಟಿದೆ, ಮಲಗುವಷ್ಟಿಲ್ಲ. ಕುದುರೆ ನಿಂತೇ ನಿದ್ರಿಸುತ್ತದೆ ಎಂದು ನಾವೆಲ್ಲ ಶಾಲೆಯಲ್ಲಿ ಕಲಿತದ್ದು ಅರ್ಧ ನಿಜ. ನಿಂತು ತೂಕಡಿಸಲು ಅದರ ಕಾಲಿನ ಕೀಲುಗಳು ತಾವಾಗಿ ಬಿಗಿದುಕೊಳ್ಳುತ್ತವೆ, ಆದರೆ ಗಾಢ ನಿದ್ರೆಗೆ ಅದು ದಿನಕ್ಕೆ ಸ್ವಲ್ಪ ಹೊತ್ತಾದರೂ ಒಣ ನೆಲದಲ್ಲಿ ಅಡ್ಡಾಗಲೇಬೇಕು. ಹಾಗಾಗಿ ತಮ್ಮ ಮೊಮ್ಮಗಳಿಗೆ ಹೇಳಬೇಕಾದ ಉತ್ತರ, ನಾನು ನೋಡಿದ ಎರಡು ಕುದುರೆಗಳ ಮಟ್ಟಿಗೆ, ಅವು ಸರಿಯಾಗಿ ಮಲಗುವುದೇ ಇಲ್ಲ ಎಂಬುದು.

ಅಷ್ಟು ಹೇಳಿ ಬಿಟ್ಟರೆ ಆ ಕುದುರೆಗಳ ಯಜಮಾನರಿಗೆ ಅನ್ಯಾಯವಾದೀತು. ಅದೇ ಹೊತ್ತಿಗೆ ಲಾಳ ಕಟ್ಟುವವನು ಬಂದಿದ್ದ. ಕುದುರೆಯ ಮುಂಗಾಲನ್ನು ತನ್ನ ಮೊಣಕಾಲುಗಳ ನಡುವೆ ಅವುಚಿಕೊಂಡು, ಇಕ್ಕಳದಿಂದ ಹಳೆಯ ಮೊಳೆಗಳನ್ನು ಒಂದೊಂದಾಗಿ ಕಿತ್ತು, ಗೊರಸಿನ ಅಂಚನ್ನು ಅರದಿಂದ ಉಜ್ಜಿದ. ಹೊಸ ಲಾಳ ಇಡುವ ಮುನ್ನ ಗೊರಸಿಗೂ ಕಬ್ಬಿಣಕ್ಕೂ ಮಧ್ಯೆ ಹಳೆಯ ಟೈರಿನಿಂದ ಕೊಯ್ದ ರಬ್ಬರಿನ ತುಂಡೊಂದನ್ನು ಸೇರಿಸಿದ. ಕುದುರೆಯ ಯಜಮಾನ ಕಿವಿಯ ಬುಡ ತುರಿಸುತ್ತ ಅದರೊಂದಿಗೆ ಉರ್ದುವಿನಲ್ಲಿ ಏನೋ ಮಾತನಾಡುತ್ತಲೇ ಇದ್ದರು. ರಬ್ಬರು ಯಾಕೆ ಎಂದು ಕೇಳಿದೆ. ‘ಕಾಂಕ್ರೀಟ್ ಸಾರ್, ಹಿಡಿಯೋದೇ ಇಲ್ಲ’ ಎಂದರು. ಕಬ್ಬಿಣದ ಲಾಳ ನುಣುಪಾದ ಡಾಂಬರಿನಲ್ಲಿ, ಕಾಂಕ್ರೀಟಿನಲ್ಲಿ ಜಾರುತ್ತದೆ, ಬೇಗ ಸವೆಯುತ್ತದೆ, ಪ್ರತಿ ಹೆಜ್ಜೆಯ ಪೆಟ್ಟು ಮೇಲಿನ ಕೀಲಿಗೆ ಹೋಗುತ್ತದೆ. ಇವರು ಕ್ರೂರಿಗಳಾಗಿದ್ದರೆ ರಬ್ಬರು ಕೊಯ್ಯುವ ಗೋಜಿಗೆ ಹೋಗುತ್ತಿರಲಿಲ್ಲ. ಆದರೆ ಆ ರಬ್ಬರು ತಾವು ನೋಡಿದ ಜಾರುವಿಕೆಯನ್ನು ತಡೆಯುವಷ್ಟು ಬಲವಾದದ್ದೂ ಅಲ್ಲ.

ಕಾನೂನು ಏನೂ ಹೇಳಿಲ್ಲವೇ ಎಂದು ತಾವು ಕೇಳಿದ್ದೀರಿ. ಹೇಳಿದೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಅಡಿಯಲ್ಲಿ ಗಾಡಿ ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳಿಗಾಗಿಯೇ 1965ರಲ್ಲಿ ನಿಯಮಗಳನ್ನು ಮಾಡಲಾಗಿದೆ. ಅವುಗಳ ಪ್ರಕಾರ ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಚಾಲಕ ಮತ್ತು 6 ವರ್ಷದೊಳಗಿನ ಮಕ್ಕಳನ್ನು ಬಿಟ್ಟು ನಾಲ್ವರಿಗಿಂತ ಹೆಚ್ಚು ಜನ ಕೂರುವಂತಿಲ್ಲ. ಮುಳ್ಳಿನ ಕಡಿವಾಣ ಹಾಕುವಂತಿಲ್ಲ. ತಾಪಮಾನ 37 ಡಿಗ್ರಿ ಮೀರಿದ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿಗೆ ಕಟ್ಟುವಂತಿಲ್ಲ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಮೈಸೂರಿನ ಏಪ್ರಿಲ್ ಬಿಸಿಲು ಸಾಮಾನ್ಯವಾಗಿ 34, 35ರ ಆಸುಪಾಸಿನಲ್ಲಿ ನಿಲ್ಲುವುದರಿಂದ ಈ ಕೊನೆಯ ನಿಯಮ ಆ ಊರಿನಲ್ಲಿ ಜಾರಿಗೆ ಬರುವುದು ಅಪರೂಪ. ನ್ಯೂಯಾರ್ಕಿನಲ್ಲಿ ಇದೇ ಮಿತಿ 90 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 32ಕ್ಕೆ ಸ್ವಲ್ಪ ಮೇಲೆ. ಅಲ್ಲಿ ಕುದುರೆಗೆ ಬಿಡುವು ಸಿಗುವ ದಿನ ಇಲ್ಲಿ ಪ್ರವಾಸಿಗರ ಸೀಸನ್ನು.

ನ್ಯೂಯಾರ್ಕಿನ ಹೆಸರು ಬಂದದ್ದರಿಂದ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಅಲ್ಲಿನ ಜಗಳ ನಮ್ಮದಕ್ಕೆ ಬಹಳ ಹತ್ತಿರದ್ದು. ಸೆಂಟ್ರಲ್ ಪಾರ್ಕಿನ ಸುತ್ತ 68 ಗಾಡಿಗಳಿಗೆ ಪರವಾನಗಿ ಇದೆ, ಸುಮಾರು 200 ಕುದುರೆಗಳಿವೆ. ಅಧಿಕಾರಕ್ಕೆ ಬಂದರೆ ಅವನ್ನು ನಿಲ್ಲಿಸುವೆನೆಂದು 2013ರ ಚುನಾವಣೆಯಲ್ಲಿ ಮಾತು ಕೊಟ್ಟ ಬಿಲ್ ಡಿ ಬ್ಲಾಸಿಯೊ ಮೇಯರ್ ಆಗಿ ಎಂಟು ವರ್ಷ ಕಳೆದರೂ ನಿಲ್ಲಿಸಲಾಗಲಿಲ್ಲ, ಚಾಲಕರ ಕಾರ್ಮಿಕ ಸಂಘ ಅಷ್ಟು ಬಲವಾಗಿತ್ತು. 2022ರ ಆಗಸ್ಟಿನಲ್ಲಿ ರೈಡರ್ ಎಂಬ ಕುದುರೆ ರಸ್ತೆಯಲ್ಲಿ ಕುಸಿದುಬಿದ್ದು ಪೊಲೀಸರು ಅದರ ಮೈಮೇಲೆ ನೀರು ಸುರಿದ ದೃಶ್ಯವನ್ನು ಜಗತ್ತೆಲ್ಲ ನೋಡಿತು. ಗಮನಿಸಬೇಕಾದದ್ದು, ಅದು ಬಿದ್ದದ್ದು ಮರಗಳ ನೆರಳಿನ ಪಾರ್ಕಿನೊಳಗಲ್ಲ, ಕೆಲಸ ಮುಗಿಸಿ ಲಾಯದ ಕಡೆ ಹೊರಟಿದ್ದಾಗ ವಾಹನಗಳಿಂದ ತುಂಬಿದ ನೈಂತ್ ಅವೆನ್ಯೂದಲ್ಲಿ. ಸವಾರಿಯ ಜಾಗ ಒಂದು ಕಡೆ, ಲಾಯ ಇನ್ನೊಂದು ಕಡೆ, ನಡುವೆ ಊರಿನ ಅತಿ ಗಿಜಿಗುಡುವ ರಸ್ತೆ: ಮೈಸೂರಿನದೂ ಇದೇ ನಕ್ಷೆ.

ಕಂಬಳವನ್ನು ಉಳಿಸಿಕೊಂಡ ರಾಜ್ಯ ಟಾಂಗಾವನ್ನು ನಿಲ್ಲಿಸುವುದುಂಟೇ ಎಂಬ ತಮ್ಮ ವ್ಯಂಗ್ಯಕ್ಕೆ ಹೆಚ್ಚು ಜಾಗ ಕೊಡುವುದಿಲ್ಲ. ಕಂಬಳಕ್ಕೆಂದು ನಮ್ಮ ವಿಧಾನಮಂಡಲ 2017ರಲ್ಲಿ ಪ್ರಾಣಿಹಿಂಸೆ ತಡೆ ಕಾಯಿದೆಗೆ ತಿದ್ದುಪಡಿ ಮಾಡಿತು, ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು 2023ರ ಮೇ 18ರಂದು ಎತ್ತಿಹಿಡಿಯಿತು. ಟಾಂಗಾಕ್ಕೆ ಅಂಥ ರಕ್ಷೆಯೇನೂ ಇಲ್ಲ. ಅದು ವರ್ಷಕ್ಕೊಮ್ಮೆ ಬರುವ ಕೂಟವಲ್ಲ, ದಿನದ ಹೊಟ್ಟೆಪಾಡು.

ಇನ್ನು ನನ್ನ ಅಭಿಪ್ರಾಯ. ಮೈಸೂರು ಕುದುರೆ ಸಾಕಲು ಬಾರದ ಊರಲ್ಲ. ರಾಜ್ಯ ಪೊಲೀಸಿನ ಅಶ್ವಾರೋಹಿ ದಳದ ನೆಲೆ ಅಲ್ಲೇ ಇದೆ. ಚಾಮುಂಡಿ ಬೆಟ್ಟದ ತಪ್ಪಲಲ್ಲಿ ರೇಸ್ ಕ್ಲಬ್ಬಿನ ಲಾಯಗಳಿವೆ. ವಿಜಯದಶಮಿಯಂದು ಜಂಬೂ ಸವಾರಿಯ ಜೊತೆ ಸಯ್ಯಾಜಿರಾವ್ ರಸ್ತೆಯಲ್ಲಿ ಹೆಜ್ಜೆ ಹಾಕುವ ಪೊಲೀಸ್ ಕುದುರೆಯೂ ಮರುದಿನ ಅದೇ ರಸ್ತೆಯಲ್ಲಿ ನಾಲ್ವರನ್ನು ಎಳೆಯುವ ಟಾಂಗಾ ಕುದುರೆಯೂ ತುಳಿಯುವುದು ಒಂದೇ ಡಾಂಬರನ್ನು. ಒಂದಕ್ಕೆ ಲಾಯವಿದೆ, ಪಶುವೈದ್ಯರಿದ್ದಾರೆ, ಮೈ ತಿಕ್ಕುವ ಆಳಿದ್ದಾನೆ, ಸಂಬಳದ ಸವಾರನಿದ್ದಾನೆ. ಇನ್ನೊಂದಕ್ಕೆ ಇರುವುದು ಅದರಷ್ಟೇ ಬಡವನಾದ ಯಜಮಾನ. ದಸರೆಯ ಪಾರಂಪರಿಕ ಟಾಂಗಾ ಸವಾರಿಯ ದಿನ ಪೇಟ ತೊಟ್ಟ, ರೇಷ್ಮೆ ಸೀರೆ ಉಟ್ಟ ದಂಪತಿಗಳನ್ನು ಕೂರಿಸಿ ಹೂವು ಮುಡಿಸುವುದಕ್ಕೆ ಸರ್ಕಾರದ ಇಲಾಖೆಗೆ ಟಾಂಗಾ ಬೇಕು. ಕೇಂದ್ರದ ಸ್ವದೇಶ್ ದರ್ಶನ್ 2.0 ಎಂಬ ಪ್ರವಾಸೋದ್ಯಮ ಯೋಜನೆಯಲ್ಲಿ ಮೈಸೂರಿಗೆ ಮಂಜೂರಾದ ಕಾಮಗಾರಿಗಳಲ್ಲಿ ಒಂದಕ್ಕೆ ಟಾಂಗಾ ಸವಾರಿಯ ಹೆಸರೇ ಇದೆ. ಸರ್ಕಾರದ ಹಣದಲ್ಲಿ ಕುದುರೆಯ ಹೆಸರು ಬಳಸುವುದಾದರೆ ಅದರ ಮೊದಲ ಪಾಲು ಕುದುರೆ ಮಲಗುವ ಜಾಗಕ್ಕೆ ಹೋಗಬೇಕು ಎಂಬುದು ನನ್ನ ವಾದ: ಅರಮನೆಯ ಸಮೀಪದಲ್ಲೇ, ಮುಖ್ಯ ರಸ್ತೆ ದಾಟದೆ ತಲುಪುವಂಥ ಸಾಮೂಹಿಕ ಲಾಯ, ಹುಲ್ಲಿನ ಹಾಸು, ನೀರಿನ ತೊಟ್ಟಿ, ವಾರಕ್ಕೊಮ್ಮೆ ಬರುವ ಪಶುವೈದ್ಯ, ಸವಾರಿಗೆ ವಾಹನಗಳಿಲ್ಲದ ಹಾದಿ, ಬೇಸಿಗೆಯಲ್ಲಿ ಬೆಳಿಗ್ಗೆ ಸಂಜೆ ಮಾತ್ರ ಕೆಲಸ. ಹೊಸ ಕುದುರೆಗೆ, ಹೊಸ ಗಾಡಿಗೆ ಪರವಾನಗಿ ಬೇಡ. ಮಗ ಬೇರೆ ಕೆಲಸ ಹಿಡಿದ ಟಾಂಗಾದವರು ಈಗಾಗಲೇ ಅನೇಕರಿದ್ದಾರೆ, ಅಂಥವರು ಬಿಡಲು ಒಪ್ಪಿದಾಗ ಪರಿಹಾರ ಮೊದಲು ಕೈಸೇರಬೇಕು, ಕುದುರೆ ಆಮೇಲೆ ಹೋಗಬೇಕು. ಮುಂಬೈಯಲ್ಲಿ ಈ ಕ್ರಮ ತಲೆಕೆಳಗಾಗಿತ್ತು.

ಇಷ್ಟನ್ನು ಎರಡು ವರ್ಷದೊಳಗೆ ಮಾಡಲು ಊರಿಗೆ ಮನಸ್ಸಿಲ್ಲವಾದರೆ ನಾನೂ ತಮ್ಮ ಪಕ್ಷಕ್ಕೇ ಸೇರುತ್ತೇನೆ. ಮಲಗಲು ಜಾಗ ಕೊಡಲಾರದ ಪ್ರಾಣಿಯಿಂದ ದುಡಿಸಿಕೊಂಡು ಅದನ್ನು ಪರಂಪರೆ ಎನ್ನುವ ಬಾಯಿ ನನಗಿಲ್ಲ. ಆದರೆ ಮುಂದಿನ ದಸರೆಯ ಗಡುವು ಹಾಕಿ ಸಂಪಾದಕೀಯ ಬರೆಯಲು ಈಗ ಒಪ್ಪಲಾರೆ, ಏಕೆಂದರೆ ದಸರೆಯ ಮರುದಿನ ಆ ಎರಡು ಕುದುರೆಗಳು ಎಲ್ಲಿರುತ್ತವೆ ಎಂಬುದಕ್ಕೆ ತಮ್ಮ ಪತ್ರದಲ್ಲಿ ಉತ್ತರವಿಲ್ಲ.

ಚಿತ್ರಲೇಖನವನ್ನು ಹಿಂತೆಗೆದುಕೊಳ್ಳುವುದಿಲ್ಲ, ಆದರೆ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ತಮ್ಮ ಪತ್ರ ಬಂದ ಮೇಲೆ ಮೂಲ ಚಿತ್ರಗಳನ್ನು ಮತ್ತೆ ತೆಗೆಸಿ ನೋಡಿದೆ. ಮುಖಪುಟದಲ್ಲಿ ಹಾಕಿದ ಬಿಳಿಯ ಕುದುರೆಯ ಚಿತ್ರವನ್ನು ಪುಟದ ಅಳತೆಗೆ ಹೊಂದಿಸುವಾಗ ನಾವು ಕೆಳಗಿನ ನಾಲ್ಕರಲ್ಲೊಂದು ಭಾಗವನ್ನು ಕತ್ತರಿಸಿದ್ದೆವು. ಕತ್ತರಿಸಿದ ಆ ಭಾಗದಲ್ಲಿ ಎದೆಪಟ್ಟಿ ಉಜ್ಜಿ ಆದ ಅಂಗೈ ಅಗಲದ ಹುಣ್ಣಿದೆ, ಪಟ್ಟಿ ತಾಗದಿರಲೆಂದು ಯಾರೋ ಹಳೆಯ ಲುಂಗಿಯ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಸಿಕ್ಕಿಸಿದ್ದಾರೆ. ಅಂದು ಪುಟ ನೋಡಿ ಸಹಿ ಮಾಡಿದವನು ನಾನೇ. ಮುಂದಿನ ಸಂಚಿಕೆಯಲ್ಲಿ ಆ ಚಿತ್ರವನ್ನು ಕತ್ತರಿಸದೆ, ಅದೇ ಅಳತೆಯಲ್ಲಿ, ತಮ್ಮ ಪತ್ರದ ಪೂರ್ಣ ಪಾಠದೊಂದಿಗೆ ಎದುರು ಬದುರು ಪುಟಗಳಲ್ಲಿ ಪ್ರಕಟಿಸುತ್ತೇವೆ.

ಇಂತು,
ಸಂಪಾದಕ