ಆರ್ಗ್ ಮೋಡ್‌ನಲ್ಲಿ ಮೂರು ಫೈಲಿನ ಗಂಟೆ ಲೆಕ್ಕ ಒಂದೇ ಟೇಬಲ್‌ಗೆ ಬರುತ್ತಿಲ್ಲ, ಎಲ್ಲಿ ತಪ್ಪುತ್ತಿದೆ?

ಆರ್ಗ್ ಮೋಡ್ ಅಂದರೆ ಈಮ್ಯಾಕ್ಸ್ ಅನ್ನುವ ಪಠ್ಯ ಸಂಪಾದಕದೊಳಗೆ ಟಿಪ್ಪಣಿ, ಕೆಲಸದ ಪಟ್ಟಿ, ಗಂಟೆ ಲೆಕ್ಕ ಇಡುವ ಸಾಧನ. ಪುಣೆಯ ಎರಡು ಕಂಪನಿಗಳ ಕೆಲಸಕ್ಕೆ ಎರಡು ಫೈಲು, ಸ್ವಂತದ್ದಕ್ಕೆ ಒಂದು, ಮೂರರಲ್ಲೂ ಕ್ಲಾಕ್ ಹಾಕುತ್ತೀರಿ, ಅಂದರೆ ಕೆಲಸದ ಹೊತ್ತು ದಾಖಲಿಸುತ್ತೀರಿ, ಆದರೆ ಅವನ್ನೆಲ್ಲ ಕೂಡಿಸಿ ತೋರಿಸುವ ಕ್ಲಾಕ್‌ಟೇಬಲ್‌ನಲ್ಲಿ ಒಂದೇ ಫೈಲಿನ ಗಂಟೆ ಕಾಣುತ್ತದೆ, ಉಳಿದದ್ದು ಅಳಿಸಿಹೋಯಿತಾ ಅಂತ ಕೇಳಿದ್ದೀರಿ. ಇಲ್ಲ, ಅಳಿಸಿಲ್ಲ, ಗಾಬರಿ ಬೇಡ. ಈಮ್ಯಾಕ್ಸ್ ಪ್ರತಿ ಸಲವೂ ಫೈಲಿನಲ್ಲೇ ಒಂದು ಸಾದಾ ಸಾಲು ಬರೆದಿಡುತ್ತದೆ, ಶುರುವಾದ ಹೊತ್ತು, ಮುಗಿದ ಹೊತ್ತು, ಬಲಗಡೆ ಅದರ ಮೊತ್ತ, ಅಷ್ಟೇ. ಮೊದಲು ಮೂರೂ ಫೈಲು ತೆರೆದು ಕ್ಲಾಕ್ ಅಂತ ಶುರುವಾಗುವ ಸಾಲು ಹುಡುಕಿ. ಅವು ಲಾಗ್‌ಬುಕ್ ಡ್ರಾಯರ್ (ಸಾಲುಗಳನ್ನು ಮಡಚಿಡುವ ಭಾಗ) ಒಳಗೆ ಮಡಚಿಕೊಂಡಿರಬಹುದು. ಸಾಲುಗಳಿದ್ದರೆ ಗಂಟೆಗಳು ಭದ್ರ. ಟೇಬಲ್ ಆ ಕಡೆ ನೋಡುತ್ತಿಲ್ಲ ಅಷ್ಟೆ.

ನಾನಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಮನೆಯಿಂದಲೇ ಅನುವಾದದ ಕೆಲಸ, ಗಂಟೆ ಲೆಕ್ಕದ ಬಿಲ್ಲು. ಹಾಗಾಗಿ ಈ ಟೇಬಲ್ ತಪ್ಪಿದರೆ ನನ್ನ ಮನೆ ಬಾಡಿಗೆಗೇ ತೊಂದರೆ.

ನಿಮ್ಮದು ಬಹುಶಃ ಸ್ಕೋಪ್ ಸಮಸ್ಯೆ, ಅಂದರೆ ಟೇಬಲ್ ಯಾವ ಫೈಲುಗಳನ್ನು ನೋಡಬೇಕು ಅನ್ನುವುದು. ಸ್ಕೋಪ್ ಹೇಳದಿದ್ದರೆ ಟೇಬಲ್ ತಾನಿರುವ ಫೈಲನ್ನು ಮಾತ್ರ ಕೂಡಿಸುತ್ತದೆ. ಟೇಬಲ್ ಶುರುವಾಗುವ ಬಿಗಿನ್ ಸಾಲಿನ ಕೊನೆಗೆ ಕೋಲನ್ ಹಾಕಿ ಸ್ಕೋಪ್, ಜಾಗ ಬಿಟ್ಟು ಅಜೆಂಡಾ ಅಂತ ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿ, ಅದೇ ಸಾಲಿನ ಮೇಲೆ ಕಂಟ್ರೋಲ್-ಸಿ ಎರಡು ಸಲ ಒತ್ತಿ. ಟೇಬಲ್ ತಾನಾಗಿ ಹೊಸದಾಗುವುದಿಲ್ಲ, ಪ್ರತಿ ಸಲ ಒತ್ತಲೇಬೇಕು. ಈಗ ಅದು ಅಜೆಂಡಾ ಪಟ್ಟಿಯಲ್ಲಿರುವ, ಅಂದರೆ ಅಜೆಂಡಾಗೆ ಅಂತ ನೀವು ಹೆಸರಿಸಿಟ್ಟ, ಎಲ್ಲಾ ಫೈಲು ನೋಡುತ್ತದೆ. ಆ ಪಟ್ಟಿಗೆ ನೀವು ಫೋಲ್ಡರ್ ಹೆಸರು ಕೊಟ್ಟಿದ್ದರೆ, ಅದರೊಳಗಿನ ಫೋಲ್ಡರುಗಳಿಗೆ ಅದು ಇಳಿಯುವುದಿಲ್ಲ. ಕಂಪನಿಗೊಂದು ಒಳಫೋಲ್ಡರ್ ಮಾಡಿದ್ದೀರಾ? ಹಾಗಿದ್ದರೆ ಅವುಗಳ ಹೆಸರನ್ನೂ ಬೇರೆಯಾಗಿ ಸೇರಿಸಿ.

ನನಗೆ ನಿಜವಾಗಿ ಪೆಟ್ಟು ಕೊಟ್ಟದ್ದು ಆರ್ಕೈವ್. ಒಮ್ಮೆ ಗಣಪತಿ ಹಬ್ಬಕ್ಕೆ ಊರಿಗೆ ಹೊರಡುವ ಗಡಿಬಿಡಿಯಲ್ಲಿ ಮುಗಿದ ಕೆಲಸವನ್ನೆಲ್ಲ ಆರ್ಕೈವ್ ಮಾಡಿ, ಆಮೇಲೆ ಟೇಬಲ್ ತೆಗೆದು ಬಿಲ್ಲು ಕಳಿಸಿಬಿಟ್ಟೆ. ವಾಪಸ್ ಬಂದು ನೋಡಿದರೆ 11 ಗಂಟೆ ಕಡಿಮೆ! ಆರ್ಕೈವ್ ಮಾಡಿದ ಕೆಲಸ ಅದರ ಕ್ಲಾಕ್ ಸಾಲುಗಳ ಸಮೇತ ಬೇರೆ ಫೈಲಿಗೆ ಹೋಗುತ್ತದೆ, ಆ ಫೈಲಿನ ಹೆಸರಿನ ಕೊನೆಗೆ ಅಂಡರ್‌ಸ್ಕೋರ್ ಆರ್ಕೈವ್ ಅಂತ ಇರುವುದರಿಂದ ಅಜೆಂಡಾ ಅದನ್ನು ಎತ್ತಿಕೊಳ್ಳುವುದಿಲ್ಲ. ಸ್ಕೋಪ್ ಜಾಗದಲ್ಲಿ ಅಜೆಂಡಾ-ವಿತ್-ಆರ್ಕೈವ್ಸ್ ಅಂತ ಬರೆದರೆ ಅವೂ ಸೇರುತ್ತವೆ. ಬಿಲ್ಲಿಗೆ ನಾನು ಈಗ ಇದನ್ನೇ ಬಳಸುವುದು, ನೀವೂ ಇದನ್ನೇ ಇಟ್ಟುಕೊಳ್ಳಿ ಅನ್ನುತ್ತೇನೆ.

ಆದರೂ ಮೊತ್ತ ಕಡಿಮೆ ಬಂದರೆ ಮುಗಿದ ಹೊತ್ತೇ ಇಲ್ಲದ ಸಾಲು ಎಲ್ಲೋ ಉಳಿದಿರಬಹುದು. ನನ್ನ ಲ್ಯಾಪ್‌ಟಾಪ್ ಒಂದು ಸಲ ಕಲ್ಯಾಣ್ ಲೋಕಲ್ ಟ್ರೇನ್‌ನಲ್ಲಿ ಬ್ಯಾಟರಿ ಮುಗಿದು ಆರಿಹೋದಾಗ ಹೀಗಾಗಿತ್ತು. ಅಂಥ ಅರ್ಧ ಸಾಲನ್ನು ಟೇಬಲ್ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆರ್ಗ್-ರಿಸಾಲ್ವ್-ಕ್ಲಾಕ್ಸ್ ಆಜ್ಞೆ ಕೊಟ್ಟರೆ ಒಂದೊಂದನ್ನೇ ತೋರಿಸಿ, ಎಷ್ಟು ನಿಮಿಷ ಇಟ್ಟುಕೊಳ್ಳಲಿ ಅಂತ ಕೇಳುತ್ತದೆ. ಹೊತ್ತನ್ನು ಕೈಯಿಂದ ತಿದ್ದಿದ್ದರೆ ಆ ಸಾಲಿನ ಮೇಲೂ ಕಂಟ್ರೋಲ್-ಸಿ ಎರಡು ಸಲ ಒತ್ತಿ, ಇಲ್ಲದಿದ್ದರೆ ಬಲಗಡೆ ಹಳೇ ಮೊತ್ತವೇ ಕಾಣುತ್ತಿರುತ್ತದೆ. ಅಜೆಂಡಾ ತೆರೆದು ವಿ, ಆಮೇಲೆ ಸಿ ಒತ್ತಿದರೆ ಒಂದರ ಮೇಲೊಂದು ಬಿದ್ದ ಹೊತ್ತು, ನಡುವೆ ಖಾಲಿ ಬಿಟ್ಟ ಹೊತ್ತು ಎರಡೂ ಕಾಣುತ್ತವೆ. ಬಿಲ್ಲು ಕಳಿಸುವ ಮುಂಚೆ ಇದನ್ನು ನಾನು ತಪ್ಪಿಸುವುದೇ ಇಲ್ಲ.

ಇನ್ನೊಂದು. ಮೊತ್ತ 24 ಗಂಟೆ ದಾಟಿದರೆ ಟೇಬಲ್ 1 ಡಿ ಅಂತ ತೋರಿಸುತ್ತದೆ. ಅದು 24 ಗಂಟೆಯ ದಿನ, ಆಫೀಸಿನ 8 ಗಂಟೆಯ ದಿನ ಅಲ್ಲ. ಬರೀ ಗಂಟೆ ಬೇಕಿದ್ದರೆ ಆರ್ಗ್-ಡ್ಯುರೇಶನ್-ಫಾರ್ಮ್ಯಾಟ್ ಬದಲಿಸಿ.

ಇಷ್ಟೆಲ್ಲಾ ಆದ ಮೇಲೂ ಸರಿ ಬರದಿದ್ದರೆ ನಿಮ್ಮ ಬಿಗಿನ್ ಸಾಲನ್ನೂ ಅಜೆಂಡಾ ಪಟ್ಟಿಯನ್ನೂ ಇದ್ದ ಹಾಗೇ ಹಾಕಿ, ನೋಡಿ ಹೇಳುತ್ತೇನೆ.