ಮನೆಯಲ್ಲಿ ಕ್ಯಾಸೆಟ್ಟಿಗೆ ಹಾಡಿಟ್ಟಿದ್ದ ನನ್ನ ಹಳೆಯ ಹಾಡುಗಳನ್ನು ಬಿಡುಗಡೆಗೆಂದು ಕಂಪ್ಯೂಟರಿಗೆ ಇಳಿಸಿಕೊಂಡರೆ ಧ್ವನಿ ಮಂಕಾಗಿ ಕೇಳಿಸುವುದೇಕೆ?

ಹಲವು ಬಾರಿ ದೋಷ ಇರುವುದು ಕ್ಯಾಸೆಟ್ಟಿನಲ್ಲಲ್ಲ, ಅದನ್ನು ಈಗ ನುಡಿಸುತ್ತಿರುವ ಟೇಪ್ ಡೆಕ್ಕಿನ ಹೆಡ್, ಅಂದರೆ ಟೇಪಿಗೆ ತಾಗಿ ಧ್ವನಿಯನ್ನು ಓದುವ ಭಾಗ, ಓರೆಯಾಗಿರುವುದರಲ್ಲಿ. ಆದ್ದರಿಂದ ಸಾಫ್ಟ್‌ವೇರಿನಲ್ಲಿ ತಿದ್ದಲು ಕೂರುವ ಮೊದಲು ಹೆಡ್ಡನ್ನು ಸರಿಪಡಿಸಿ, ಹಾಡುಗಳನ್ನು ಮತ್ತೊಮ್ಮೆ ಇಳಿಸಿಕೊಳ್ಳಿ.

ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ ಸುಮಾರು 4.76 ಸೆಂಟಿಮೀಟರ್ ವೇಗದಲ್ಲಿ ಮಾತ್ರ ಚಲಿಸುವುದರಿಂದ, 10,000 ಹರ್ಟ್ಸ್‌ನ ತಾರ ಧ್ವನಿಯ ಒಂದು ಅಲೆ ಟೇಪಿನ ಮೇಲೆ ಐದು ಮೈಕ್ರಾನಿಗಿಂತಲೂ, ಅಂದರೆ ಮಿಲಿಮೀಟರಿನ ಇನ್ನೂರನೇ ಒಂದು ಭಾಗಕ್ಕಿಂತಲೂ, ಚಿಕ್ಕದಾಗಿರುತ್ತದೆ. ಧ್ವನಿಯನ್ನು ಓದುವ ಹೆಡ್ಡಿನ ಕಿರಿದಾದ ಸೀಳು ಒಂದು ಡಿಗ್ರಿಗಿಂತ ಕಡಿಮೆ ವಾಲಿದರೂ ಅದರ ಒಂದು ತುದಿ ಅಲೆಯ ಏರನ್ನೂ ಇನ್ನೊಂದು ತುದಿ ಇಳಿತವನ್ನೂ ಏಕಕಾಲಕ್ಕೆ ಓದಿ, ಎರಡೂ ಪರಸ್ಪರ ಅಳಿಸಿಹೋಗುತ್ತವೆ. ಮಂದ್ರ ಧ್ವನಿಗಳ ಅಲೆಗಳು ಉದ್ದವಾಗಿರುವುದರಿಂದ ಅವು ಉಳಿದುಕೊಳ್ಳುತ್ತವೆ. ತಾಳದ ಝಣತ್ಕಾರ, ಹಾಡುವವರ ಸಕಾರ ಶಕಾರಗಳು ಮಾತ್ರ ಮಾಯವಾಗುತ್ತವೆ.

ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗಿನ ಮೇಲೆ ಕೂತಿರುವ ಪುಟ್ಟ ತಿರುಪನ್ನು, ಹಾಡು ನುಡಿಯುತ್ತಿರುವಾಗಲೇ, ಎಡ ಬಲ ಎರಡೂ ಕಡೆಯ ಧ್ವನಿಯನ್ನು ಒಂದಾಗಿಸಿ ಮೋನೋದಲ್ಲಿ ಕೇಳುತ್ತಾ, ಕೂದಲೆಳೆಯಷ್ಟು ತಿರುಗಿಸಿ. ಸಕಾರ ಅತ್ಯಂತ ಸ್ಪಷ್ಟವಾಗುವ ಕಡೆ ನಿಲ್ಲಿಸಿ. ಒಂದೊಂದು ಕ್ಯಾಸೆಟ್ಟಿಗೂ ಈ ಸ್ಥಾನ ಬೇರೆಯಾಗಬಹುದು.

ಟೇಪಿನ ಹಿಸ್ ಸದ್ದನ್ನು ಪೂರ್ತಿಯಾಗಿ ತೆಗೆಯಲು ಹೋಗಬೇಡಿರೆಂದು ನನ್ನ ಕಳಕಳಿಯ ಸಲಹೆ, ಏಕೆಂದರೆ ತಂಬೂರಿಯ ಝೇಂಕಾರದ ಸೂಕ್ಷ್ಮ ಉಪಸ್ವರಗಳು ಇರುವುದೂ ಅದೇ ತಾರ ಧ್ವನಿಯ ಎತ್ತರದಲ್ಲಿ. ಏನನ್ನೂ ತಿದ್ದದ, 24 ಬಿಟ್‌ನ (ಧ್ವನಿಯ ಸೂಕ್ಷ್ಮ ವಿವರಗಳನ್ನು ಉಳಿಸುವ ದರ್ಜೆಯ) ಮೂಲ ಪ್ರತಿಯನ್ನು ಬೇರೆಯಾಗಿ ಉಳಿಸಿಕೊಳ್ಳಿ.