ಬೆಂಚಿನ ಮೇಲಿನ ಪ್ರಶ್ನೆ: ಹುಲ್ಲು ಹೊಡೆಯೋ ಮಷಿನ್ ಹಾರುತ್ತಾ?

ಹೋದ ಸಂಚಿಕೆಯಲ್ಲಿ ರಿಮೋಟ್ ವಿಮಾನದ ಪೆಟ್ರೋಲ್ ಎಂಜಿನ್ ಬಗ್ಗೆ ಬರೀ ಎರಡು ಸಾಲು ಬರೆದಿದ್ದೆ. ಅದಕ್ಕೇ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಮೊದಲ ಪತ್ರಕ್ಕೆ ಉತ್ತರ ಉದ್ದ ಆಗಿದೆ. ಉಳಿದವರು ಬೇಜಾರು ಮಾಡ್ಕೋಬೇಡಿ, ನಿಮ್ಮ ಪ್ರಶ್ನೆಗಳಿಗೂ ಅರ್ಧ ಉತ್ತರ ಅದರಲ್ಲೇ ಇದೆ.

ಪ್ರಶ್ನೆ: ಸರ್, ನಮ್ಮದು ಎರಡು ಎಕರೆ ಅಡಿಕೆ ತೋಟ. ಏಳು ವರ್ಷ ಹುಲ್ಲು ಹೊಡೆದ 26 ಸಿಸಿ ಟೂ ಸ್ಟ್ರೋಕ್ ಬ್ರಶ್ ಕಟರ್ ಒಂದು ಮೂಲೆಯಲ್ಲಿ ಬಿದ್ದಿದೆ. ಕೆಳಗಿನ ಗೇರ್ ಹೋಗಿದೆ, ಪೈಪ್ ಬಗ್ಗಿದೆ. ಎಂಜಿನ್ ಮಾತ್ರ ಈಗಲೂ ಎರಡನೇ ಸಲ ಹಗ್ಗ ಎಳೆದರೆ ಸ್ಟಾರ್ಟ್ ಆಗುತ್ತದೆ. ಮಗ ಇಂಜಿನಿಯರಿಂಗ್ ಎರಡನೇ ವರ್ಷ. ಥರ್ಮೋಕೋಲ್‌ನಲ್ಲಿ ಸಣ್ಣ ವಿಮಾನ ಮಾಡಿ ಬ್ಯಾಟರಿಯಲ್ಲಿ ಹಾರಿಸುತ್ತಾನೆ. ‘ಅಪ್ಪಾ, ಇದನ್ನ ವಿಮಾನಕ್ಕೆ ಹಾಕೋಣ’ ಅಂತ ಹಟ ಹಿಡಿದಿದ್ದಾನೆ. ಆಗುತ್ತಾ?
— ಓದುಗರೊಬ್ಬರು, ಸಾಗರ

ಉತ್ತರ: ಆಗುತ್ತೆ. ನಿಮ್ಮ ಮಗನಿಗೆ ಬಂದ ಯೋಚನೆ ಹಳೇದೇ. ಅಮೆರಿಕದಲ್ಲಿ ರಯೋಬಿ, ಹೋಮ್‌ಲೈಟ್ ಹುಲ್ಲು ಕಟರ್‌ಗಳನ್ನು ಮನೆ ಶೆಡ್ಡಿನಲ್ಲೇ ಬಿಚ್ಚಿ ವಿಮಾನದ ಮೂತಿಗೆ ಕೂರಿಸಿದವರು ಬೇಕಾದಷ್ಟು ಜನ ಇದ್ದಾರೆ. ಜಪಾನಿನ ಜೆನೋವಾ ಕಂಪನಿ ತೋಟದ ಮಷಿನ್‌ಗಳನ್ನೂ ಮಾಡಿತು, ಜಿ-38, ಜಿ-62 ಅಂತ ಮಾಡೆಲ್ ವಿಮಾನದ ಎಂಜಿನ್‌ಗಳನ್ನೂ ಮಾಡಿತು. ಎರಡೂ ಒಂದೇ ಜಾತಿಯವು.

ಈ ಎಂಜಿನ್ನೇ ಯಾಕೆ, ಹಳೇ ಬೈಕಿನದ್ದು ಯಾಕೆ ಬೇಡ? ಕಾರ್ಬೊರೇಟರ್ ನೋಡಿ, ಗೊತ್ತಾಗುತ್ತೆ. ಬೈಕಿನ ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ನಿಲ್ಲೋ ಬಟ್ಟಲು ಇರುತ್ತೆ, ಅದರಲ್ಲಿ ಫ್ಲೋಟ್ ತೇಲುತ್ತಿರುತ್ತೆ. ಬೈಕನ್ನು ಮಲಗಿಸಿದರೆ ಪೆಟ್ರೋಲ್ ಚೆಲ್ಲುತ್ತೆ. ಬ್ರಶ್ ಕಟರನ್ನು ನೀವು ಗುಡ್ಡದ ಬದಿಯಲ್ಲಿ ಹೇಗೆ ಬೇಕೋ ಹಾಗೆ ವಾಲಿಸುತ್ತೀರಿ. ಆದರೂ ಅದು ನಿಲ್ಲಲ್ಲ, ಅಲ್ವಾ? ಅದರಲ್ಲಿ ಬಟ್ಟಲೂ ಇಲ್ಲ, ಫ್ಲೋಟೂ ಇಲ್ಲ. ತೆಳ್ಳನೆಯ ಹಾಳೆಯಂಥ ಡಯಾಫ್ರಮ್ ಇದೆ. ವಾಲ್ಬ್ರೋ ಹೆಸರು ಕೇಳಿರಬಹುದು, ನಮ್ಮಲ್ಲಿ ಸಿಗೋ ಎಷ್ಟೋ ಕಾರ್ಬೊರೇಟರ್‌ಗಳು ಅದರ ನಕಲು. ಪಿಸ್ಟನ್ ಮೇಲೆ ಕೆಳಗೆ ಓಡಿದಾಗ ಪಿಸ್ಟನ್ ಕೆಳಗಿನ ಕೋಣೆ, ಅಂದರೆ ಕ್ರ್ಯಾಂಕ್‌ಕೇಸ್ ಒಳಗಿನ ಗಾಳಿ ಒಮ್ಮೆ ನೂಕುತ್ತೆ, ಒಮ್ಮೆ ಎಳೆಯುತ್ತೆ. ಆ ಬಡಿತಕ್ಕೆ ಡಯಾಫ್ರಮ್ ಅಲ್ಲಾಡಿ ಪೆಟ್ರೋಲ್ ಪಂಪ್ ಆಗುತ್ತೆ. ವಿಮಾನ ತಲೆಕೆಳಗಾದರೂ ಪಂಪ್ ನಿಲ್ಲಲ್ಲ. ಟ್ಯಾಂಕನ್ನು ಎಂಜಿನ್ನಿನ ಮಟ್ಟಕ್ಕೇ ಇಡಬೇಕು ಅನ್ನೋ ತಲೆನೋವೂ ಇಲ್ಲ.

ಆ ಗಾಳಿ ಕಾರ್ಬೊರೇಟರ್‌ಗೆ ಬರೋದು ಒಂದು ಸಣ್ಣ ತೂತಿನಿಂದ. ಸಿಲಿಂಡರ್ ಪಕ್ಕದಲ್ಲಿ, ಪ್ಯಾಕಿಂಗ್ ಮೂಲಕ, ದಪ್ಪ ಪ್ಲಾಸ್ಟಿಕ್ ಬ್ಲಾಕಿನ ಮೂಲಕ ಬರುತ್ತೆ. ಬೆಂಕಿಕಡ್ಡಿ ಹೋಗುವಷ್ಟು ದೊಡ್ಡದು, ಅಷ್ಟೇ. ನಾನು ಮೊದಲ ಎಂಜಿನ್ ಮಾಡಿದಾಗ ಥ್ರಾಟಲ್ ಕೈ ಸರ್ವೋ (ರಿಮೋಟ್ ಹೇಳಿದಂತೆ ಅದನ್ನು ಎಳೆಯೋ ಪುಟ್ಟ ಮೋಟಾರು) ಕಡೆಗೆ ಬರಲಿ ಅಂತ ಕಾರ್ಬೊರೇಟರನ್ನು ತಿರುಗಿಸಿ ಕೂರಿಸಿದೆ. ಸ್ಟಾರ್ಟ್ ಆಯಿತು. ನಾಲ್ಕು ಸೆಕೆಂಡ್ ಓಡಿತು, ನಿಂತಿತು. ಮತ್ತೆ ಸ್ಟಾರ್ಟ್, ಮತ್ತೆ ನಾಲ್ಕು ಸೆಕೆಂಡ್. ಪ್ಲಗ್ ಬದಲಾಯಿಸಿದೆ. ಕಾಯಿಲ್ ಬದಲಾಯಿಸಿದೆ. ಡಯಾಫ್ರಮ್ ಕಿಟ್ ತಂದು ಹಾಕಿದೆ. ಒಂಬತ್ತು ದಿನ ಹೀಗೇ ಕಳೆಯಿತು. ಹತ್ತನೇ ದಿನ ತಂಗಿ ಮಗ ಬಂದಿದ್ದ, ಆಗ ಅವನು ಆರನೇ ಕ್ಲಾಸ್. ಬೆಂಚಿನ ಮೇಲಿದ್ದ ಪ್ಯಾಕಿಂಗನ್ನು ಬೆಳಕಿಗೆ ಹಿಡಿದು, ‘ಮಾವ, ಇದರಲ್ಲಿ ನಾಲ್ಕು ತೂತು ಇದೆ, ಈ ಕಬ್ಬಿಣದಲ್ಲೂ ನಾಲ್ಕಿದೆ, ಒಂದು ಮಾತ್ರ ಯಾಕೆ ಎದುರುಬದುರು ಬರಲ್ಲ?’ ಅಂದ. ಕಾರ್ಬೊರೇಟರ್ ತಿರುಗಿಸಿದಾಗ ಅದರ ತೂತು ಆ ಕಡೆಗೆ ಹೋಗಿತ್ತು, ಪ್ಯಾಕಿಂಗ್ ಅದನ್ನು ಪೂರ್ತಿ ಮುಚ್ಚಿತ್ತು. 31 ವರ್ಷ ಟೂಲ್ ರೂಮಿನಲ್ಲಿ ಕೆಲಸ ಮಾಡಿದವನಿಗೆ ಇದು ಕಾಣಲಿಲ್ಲ. ಬಿಚ್ಚುವ ಮೊದಲು ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಆ ಕಾಲಕ್ಕೆ ನನ್ನ ಹತ್ತಿರ ಅದೂ ಇರಲಿಲ್ಲ.

ಈಗ ತೂಕ. ಪೂರ್ತಿ ಎಂಜಿನ್ ತಕ್ಕಡಿಗೆ ಹಾಕಿದರೆ 3 ಕಿಲೋ ಹತ್ತಿರ ಬರಬಹುದು. ಟ್ಯಾಂಕ್, ಪ್ಲಾಸ್ಟಿಕ್ ಕವರ್, ಕ್ಲಚ್ಚು, ಹಗ್ಗದ ಸ್ಟಾರ್ಟರ್ ಎಲ್ಲ ತೆಗೆಯಿರಿ. ನಾನು ತೆಗೆದು ತೂಗಿದಾಗ 1.7 ಕಿಲೋ ಉಳಿದಿತ್ತು. ಮ್ಯಾಗ್ನೆಟ್ ಇರೋ ಫ್ಲೈವೀಲ್ ಒಂದೇ 400 ಗ್ರಾಂ ಆಸುಪಾಸು. ಅದನ್ನೂ ತೆಗೆದು ಬ್ಯಾಟರಿಯ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕುವವರಿದ್ದಾರೆ. ಪ್ರೊಪೆಲ್ಲರ್ ಕೂರಿಸೋ ಹಬ್‌ನಲ್ಲಿ ಸಣ್ಣ ಮ್ಯಾಗ್ನೆಟ್ ಕೂರಿಸಿ, ಎದುರಿಗೆ ಅದನ್ನು ಗುರುತಿಸೋ ಹಾಲ್ ಸೆನ್ಸರ್ ಇಟ್ಟು, ಪಿಸ್ಟನ್ ಮೇಲಕ್ಕೆ ಬರೋಕೆ 28 ಡಿಗ್ರಿ ಮೊದಲೇ ಕಿಡಿ ಬರುವಂತೆ ಹೊಂದಿಸಬೇಕು. ಮೊದಲನೇ ಎಂಜಿನ್ನಿಗೆ ಇದು ಬೇಡ. ಫ್ಲೈವೀಲ್ ಇರಲಿ. ಅದರ ಅರ್ಧಚಂದ್ರದ ಕೀ ಜಾಗದಲ್ಲೇ ಇದ್ದರೆ ಟೈಮಿಂಗ್ ತಾನಾಗೇ ಸರಿ ಇರುತ್ತೆ.

ಪ್ರೊಪೆಲ್ಲರ್ ಕೂರೋದು ಆ ಫ್ಲೈವೀಲ್ ಮುಂದೆ, ಕ್ಲಚ್ ಇದ್ದ ಕಡೆ. ಅದಕ್ಕೊಂದು ಅಲ್ಯೂಮಿನಿಯಂ ಹಬ್ ಬೇಕು. ಇಷ್ಟೂ ಕೆಲಸದಲ್ಲಿ ನೀವು ದುಡ್ಡು ಕೊಡಬೇಕಾದ ಜಾಗ ಇದೊಂದೇ, ಇಲ್ಲಿ ಚೌಕಾಸಿ ಬೇಡ. ಒಳ್ಳೆ ಲೇತ್ ಶಾಪಿಗೆ ಹೋಗಿ, ಫ್ಲೈವೀಲನ್ನು ಕೈಯಲ್ಲೇ ತಗೊಂಡು ಹೋಗಿ. ಕ್ಲಚ್ಚಿನ ಎರಡು ಬೋಲ್ಟು ಕೂರುತ್ತಿದ್ದ ತೂತುಗಳಿಗೇ ಹಬ್ ಕೂರಬೇಕು, ನಡುವೆ ಕ್ರ್ಯಾಂಕಿನ ನಟ್ಟಿಗೆ ಜಾಗ ಬೇಕು. ಎಲ್ಲ ಆದ ಮೇಲೆ ಟರ್ನರ್‌ಗೆ ಡಯಲ್ ಗೇಜ್ ಇಟ್ಟು ತೋರಿಸೋಕೆ ಹೇಳಿ. ಹಬ್ಬಿನ ಮುಖ ಒಂದು ಸುತ್ತಿನಲ್ಲಿ 5 ನೂರಾಂಶ ಮಿಲಿಮೀಟರಿಗಿಂತ ಜಾಸ್ತಿ ಆಡಿದರೆ ಒಪ್ಪಬೇಡಿ. ‘ಇಷ್ಟು ನಡೆಯುತ್ತೆ ಸಾರ್’ ಅಂತ ಹೇಳಿಯೇ ಹೇಳುತ್ತಾರೆ. ನಾನೂ ಆ ಮಾತು ಹೇಳಿದವನೇ. ಪಂಪ್‌ಸೆಟ್ಟಿಗೆ ನಡೆಯುತ್ತೆ, ಇದಕ್ಕೆ ನಡೆಯಲ್ಲ. ಬೋಲ್ಟುಗಳು ಸಡಿಲ ಆಗದ ಹಾಗೆ ನೀಲಿ ಲಾಕ್ಟೈಟ್ ಅಂಟು ಹಚ್ಚಿ.

ಪ್ರೊಪೆಲ್ಲರ್ 16 ಇಂಚು ಉದ್ದ, 8 ಇಂಚು ಪಿಚ್‌ನಿಂದ ಶುರು ಮಾಡಿ. ಪಿಚ್ ಅಂದರೆ ಒಂದು ಸುತ್ತಿಗೆ ಲೆಕ್ಕಕ್ಕೆ ಮುಂದೆ ಹೋಗೋ ದೂರ. ಮರದ್ದು ತಗೊಳ್ಳಿ. ನಿಮಿಷಕ್ಕೆ 7,000 ಸುತ್ತು ಬಂದರೆ ಅದರ ತುದಿ ಗಂಟೆಗೆ ಸುಮಾರು 535 ಕಿಲೋಮೀಟರ್ ವೇಗದಲ್ಲಿ ಇರುತ್ತೆ. ಲೆಕ್ಕ ನೀವೇ ಹಾಕಿ ನೋಡಿ. ಅದಕ್ಕೇ ಎಂಜಿನ್ ಓಡುವಾಗ ಪಕ್ಕದಲ್ಲಿ, ಪ್ರೊಪೆಲ್ಲರಿನ ಸಾಲಿನಲ್ಲಿ ಯಾರೂ ನಿಲ್ಲಬಾರದು. ಕಾರ್ಬೊರೇಟರಿನ ನೀಡಲ್ (ಪೆಟ್ರೋಲ್ ಹೆಚ್ಚು ಕಡಿಮೆ ಮಾಡೋ ಸ್ಕ್ರೂ) ತಿರುಗಿಸುವಾಗ ಹಿಂದೆ ನಿಂತೇ ತಿರುಗಿಸಿ. ಲುಂಗಿ, ಟವೆಲ್, ಶಾಲು ಏನೂ ಬೇಡ.

ಮೊದಲು ದಪ್ಪ ಹಲಗೆಗೆ ಕಟ್ಟಿ ಓಡಿಸಿ, ಆಗ ಹಗ್ಗದ ಸ್ಟಾರ್ಟರ್ ಹಿಂದೆ ಹಾಗೇ ಇರಲಿ. ಹಲಗೆಯನ್ನು ಜಾರುವ ಹಾಗೆ ಇಟ್ಟು, ಹಿಂದೆ ಅಡಿಕೆ ತೂಗೋ ಕೊಕ್ಕೆ ತಕ್ಕಡಿ ಸಿಕ್ಕಿಸಿದರೆ ಎಷ್ಟು ಎಳೆಯುತ್ತೆ ಅನ್ನೋದೂ ಗೊತ್ತಾಗುತ್ತೆ. 4 ಕಿಲೋ ತೋರಿಸಿದರೆ ಖುಷಿ ಪಡಿ. ಎಂಜಿನ್ ನಿಲ್ಲಿಸಿದ ಮೇಲೆ ಕ್ರ್ಯಾಂಕನ್ನು ಹಿಂದೆ ಮುಂದೆ ಎಳೆದು ನೋಡಿ. ಕೈಗೆ ಸಿಗುವಷ್ಟು ಆಟ ಇದ್ದರೆ ಬೇರಿಂಗ್ ಹೋಗಿದೆ ಅಂತ ಅರ್ಥ. ಹುಲ್ಲು ಹೊಡೆಯುವಾಗ ಕ್ರ್ಯಾಂಕನ್ನು ಮುಂದಕ್ಕೆ ಎಳೆಯೋರು ಯಾರೂ ಇರಲಿಲ್ಲ, ಪ್ರೊಪೆಲ್ಲರ್ ಎಳೆಯುತ್ತೆ.

ಪೆಟ್ರೋಲಿಗೆ 2ಟಿ ಎಣ್ಣೆ ಲೀಟರಿಗೆ 25 ಮಿಲಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ನೀರು ಕುಡಿಯುತ್ತೆ, ಡಯಾಫ್ರಮ್ಮನ್ನೂ ಗಟ್ಟಿ ಮಾಡುತ್ತೆ. ಹಾರಿಸಿ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ ಇಡಿ. ಹವ್ಯಾಸದ ಅಂಗಡಿಯವರು ಕೊಡೋ ಸಿಲಿಕಾನ್ ಪೈಪು ಮೆಥನಾಲ್ ಎಂಜಿನ್ನಿಗೆ. ಪೆಟ್ರೋಲಿನಲ್ಲಿ ಅದು ಉಬ್ಬಿ ಸಡಿಲ ಆಗುತ್ತೆ. ನಿಮ್ಮ ಕಟರಿನಲ್ಲೇ ಇರೋ ಹಳದಿ ಪೈಪು ಸಾಕು.

ಕಿಡಿ ಇದ್ದ ಕಡೆ ರೇಡಿಯೋಗೆ ಕಿರಿಕಿರಿ. ಪ್ಲಗ್ಗಿನ ನಂಬರಿನಲ್ಲಿ ‘ಆರ್’ ಅಕ್ಷರ ಇದೆಯಾ ನೋಡಿ, ಬಿಪಿಎಂ7ಎ ಅಲ್ಲ, ಬಿಪಿಎಂಆರ್7ಎ. ಆ ‘ಆರ್’ ಅಂದರೆ ಒಳಗೆ ರೆಸಿಸ್ಟರ್ ಇದೆ ಅಂತ. ರಿಮೋಟಿನ ಸಿಗ್ನಲ್ ಹಿಡಿಯೋ ರಿಸೀವರನ್ನು ಎಂಜಿನ್ನಿಂದ ಒಂದು ಅಡಿಯಾದರೂ ದೂರ ಇಡಿ. ಥ್ರಾಟಲ್‌ಗೆ ಕಬ್ಬಿಣದ ಕಡ್ಡಿ ಬೇಡ, ನೈಲಾನ್ ಕಡ್ಡಿ ಹಾಕಿ. ಕಾಯಿಲ್‌ನಿಂದ ಬರೋ ಸ್ಟಾಪ್ ವೈರನ್ನು ಎಂಜಿನ್ ಬಾಡಿಗೆ ಮುಟ್ಟಿಸಿದರೆ ಎಂಜಿನ್ ನಿಲ್ಲುತ್ತೆ, ಅದಕ್ಕೆ ವಿಮಾನದ ಹೊರಗೆ ಒಂದು ಸ್ವಿಚ್, ಒಳಗೆ ಸರ್ವೋ ಒತ್ತುವ ಇನ್ನೊಂದು ಸ್ವಿಚ್ ಇರಲಿ. ಇದು ಬಿಟ್ಟು ಹಾರಿಸೋದೇ ಬೇಡ.

ಕೊನೆಗೆ ನಿಮ್ಮ ಮಗನಿಗೆ ಒಂದು ಮಾತು. ಥರ್ಮೋಕೋಲ್ ವಿಮಾನ ಈ ನಡುಕಕ್ಕೆ ಅರ್ಧ ಗಂಟೆ ಬಾಳಲ್ಲ. ಪ್ಲೈವುಡ್, ಹಗುರವಾದ ಬಾಲ್ಸಾ ಮರ ಬೇಕು. ರೆಕ್ಕೆ ಎರಡು ಮೀಟರ್, ಒಟ್ಟು ತೂಕ 6 ಕಿಲೋ ಒಳಗೆ. 8 ಇಂಚು ಪಿಚ್, 7,000 ಸುತ್ತು ಅಂದರೆ ಲೆಕ್ಕಕ್ಕೆ ಗಂಟೆಗೆ 85 ಕಿಲೋಮೀಟರ್. ಆರು ಕಿಲೋ ಸಾಮಾನು ಅಷ್ಟು ವೇಗದಲ್ಲಿ ದನದ ಕೊಟ್ಟಿಗೆಗೆ ಹೊಡೆದರೆ ಏನಾಗುತ್ತೆ ಯೋಚನೆ ಮಾಡಲಿ. ಬ್ಯಾಟರಿ ವಿಮಾನವನ್ನು ಕಣ್ಣು ಮುಚ್ಚಿ ಇಳಿಸುವಷ್ಟು ಕೈ ಪಳಗಲಿ, ಆಮೇಲೆ ಇದು.

ಪ್ರಶ್ನೆ: ಕಾಫಿ ತೋಟದಲ್ಲಿ ಮರ ಕೊಯ್ಯೋ ಹಳೇ ಚೈನ್‌ಸಾ ಇದೆ. ಅದು ಇನ್ನೂ ಪವರ್ ಜಾಸ್ತಿ ಅಲ್ವಾ? — ಸಕಲೇಶಪುರ

ಉತ್ತರ: ಪವರ್ ಇದೆ, ದಿಕ್ಕು ಬೇರೆ. ಮಾಮೂಲಿ ಪ್ರೊಪೆಲ್ಲರ್ ವಿಮಾನದ ಎದುರಿಗೆ ನಿಂತು ನೋಡಿದರೆ ಗಡಿಯಾರದ ಮುಳ್ಳಿಗೆ ವಿರುದ್ಧ ತಿರುಗಬೇಕು. ಬ್ರಶ್ ಕಟರನ್ನು ಕ್ಲಚ್ ಕಡೆಯಿಂದ ನೋಡಿದರೆ ಸಾಮಾನ್ಯವಾಗಿ ಹಾಗೇ ತಿರುಗುತ್ತೆ. ಚೈನ್‌ಸಾ ಕ್ಲಚ್ ಕಡೆಯಿಂದ ಮುಳ್ಳಿನ ದಿಕ್ಕಿಗೇ ತಿರುಗುತ್ತೆ, ಚೈನು ಮೇಲ್ಗಡೆ ಮುಂದಕ್ಕೆ ಓಡಬೇಕಲ್ಲ. ಹಾಗಾಗಿ ಪ್ರೊಪೆಲ್ಲರನ್ನು ಎದುರು ಬದಿಗೆ, ಫ್ಲೈವೀಲ್ ಕಡೆಗೆ ಹಾಕಬೇಕು. ಇಲ್ಲಾಂದ್ರೆ ಉಲ್ಟಾ ತಿರುಗೋ ಪ್ರೊಪೆಲ್ಲರ್ ಹುಡುಕಬೇಕು. ಸಾಮಾನ್ಯ ಪ್ರೊಪೆಲ್ಲರನ್ನೇ ಹಿಂದುಮುಂದು ತಿರುಗಿಸಿ ಹಾಕಿದರೆ ಆಗುತ್ತೆ ಅಂತ ಹೇಳೋರು ಇದ್ದಾರೆ. ಆಗಲ್ಲ. ಟೇಬಲ್ ಫ್ಯಾನಿನ ರೆಕ್ಕೆಯನ್ನು ಮಗುಚಿ ಹಾಕಿ ನೋಡಿ, ಗಾಳಿ ಯಾವ ಕಡೆ ಬರುತ್ತೆ ಅಂತ.

ಪ್ರಶ್ನೆ: ಹೋಂಡಾ ಜಿಎಕ್ಸ್35 ಫೋರ್ ಸ್ಟ್ರೋಕ್ ಒಳ್ಳೇದಲ್ವಾ? ಹೊಗೆ ಇಲ್ಲ, ಎಣ್ಣೆ ಬೆರೆಸೋ ಕೆಲಸ ಇಲ್ಲ. — ಶಿರಸಿ

ಉತ್ತರ: ತೋಟಕ್ಕೆ ಅದಕ್ಕಿಂತ ಒಳ್ಳೇದು ಕಷ್ಟ. ನನ್ನ ಮನೆಯಲ್ಲೂ ಅದೇ ಇದೆ. ಆದರೆ 35.8 ಸಿಸಿಗೆ 1 ಕಿಲೋವ್ಯಾಟ್ ಪವರ್, ತೂಕ 3.33 ಕಿಲೋ. ಎಷ್ಟು ಬಿಚ್ಚಿದರೂ ಭಾರವೇ. ಹುಲ್ಲು ಹೊಡೀಲಿ ಬಿಡಿ.

ಪ್ರಶ್ನೆ: ಸರ್, ನಾನು ಡಿಪ್ಲೊಮಾ ವಿದ್ಯಾರ್ಥಿನಿ. ಇಷ್ಟೆಲ್ಲ ಮಾಡೋ ಬದಲು ರೆಡಿ ಎಂಜಿನ್ ತಗೊಂಡರೆ ಅಗ್ಗ ಆಗಲ್ವಾ? — ಬೆಂಗಳೂರು

ಉತ್ತರ: ನೋಡಮ್ಮ, ಹೌದು ಅಂತ ಒಪ್ಪಿಕೊಳ್ಳಬೇಕು. ಚೀನಾದ ಡಿಎಲ್ಇ-30 ಎಂಜಿನ್ 30.5 ಸಿಸಿ, ತೂಕ 910 ಗ್ರಾಂ. ನನ್ನ 26 ಸಿಸಿಯ ಅರ್ಧ ತೂಕಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಎಲೆಕ್ಟ್ರಾನಿಕ್ ಇಗ್ನಿಷನ್ ಜೊತೆಗೇ ಬರುತ್ತೆ, ಹಬ್ ಇರುತ್ತೆ, ಕೈಯಲ್ಲಿ ತಿರುಗಿಸಿದರೆ ಹತ್ತಿಕೊಳ್ಳುತ್ತೆ. ಹಾರಿಸೋದೇ ಆಸೆ ಆದರೆ ಅದನ್ನೇ ತಗೋ. ಹಬ್ಬಿನ ಲೇತ್ ಕೆಲಸ, ಪ್ಯಾಕಿಂಗ್, ಹಾಳಾದ ಎರಡು ಪ್ರೊಪೆಲ್ಲರ್, ಜೆ.ಸಿ. ರಸ್ತೆಗೂ ಎಸ್.ಪಿ. ರಸ್ತೆಗೂ ಓಡಾಡಿದ ಆಟೋ ಬಾಡಿಗೆ, ಎಲ್ಲ ಕೂಡಿಸಿದರೆ ನನ್ನ ಪುಕ್ಕಟೆ ಎಂಜಿನ್ ಏನೂ ಪುಕ್ಕಟೆ ಆಗಿರಲಿಲ್ಲ. ಮನೆಯವರಿಗೆ ಆ ಲೆಕ್ಕ ಇವತ್ತಿಗೂ ತೋರಿಸಿಲ್ಲ. ಬಿಚ್ಚೋದೇ ಆಸೆ ಆದರೆ ಬ್ರಶ್ ಕಟರ್ ರಿಪೇರಿ ಮಾಡೋರ ಹತ್ತಿರ ಹೋಗು, ಗುಜರಿ ಮೂಟೆಯಲ್ಲಿ ಒಂದಲ್ಲ ಒಂದು ಸಿಗುತ್ತೆ.

ಪ್ರಶ್ನೆ: ಊರ ಹೊರಗಿನ ಕೊಯ್ಲಾದ ಗದ್ದೆಯಲ್ಲಿ ಹಾರಿಸೋಕೆ ಪರ್ಮಿಷನ್ ಬೇಕಾ? — ಭದ್ರಾವತಿ

ಉತ್ತರ: ನೀವು ಭದ್ರಾವತಿ ಅಂದಿದ್ದು ಒಳ್ಳೇದಾಯಿತು. 2023ರಲ್ಲಿ ಸೋಗಾನೆಯಲ್ಲಿ ಶಿವಮೊಗ್ಗ ವಿಮಾನ ನಿಲ್ದಾಣ ಶುರುವಾಗಿದೆ. ರಿಮೋಟ್ ವಿಮಾನಕ್ಕೂ ಅನ್ವಯಿಸೋ 2021ರ ಡ್ರೋನ್ ನಿಯಮದ ಪ್ರಕಾರ ಹಸಿರು ವಲಯದಲ್ಲಿ 400 ಅಡಿವರೆಗೆ ಅಡ್ಡಿ ಇಲ್ಲ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ಒಳಗಾದರೆ 200 ಅಡಿವರೆಗೆ ಮಾತ್ರ. 8 ಕಿಲೋಮೀಟರಿಗಿಂತ ಹತ್ತಿರ ಆದರೆ ಅನುಮತಿ ಇಲ್ಲದೆ ಬೇಡವೇ ಬೇಡ. ಸರ್ಕಾರದ ಡಿಜಿಟಲ್ ಸ್ಕೈ ವೆಬ್‌ಸೈಟಿನ ನಕ್ಷೆಯಲ್ಲಿ ನಿಮ್ಮ ಗದ್ದೆ ಯಾವ ಬಣ್ಣದಲ್ಲಿದೆ ನೋಡಿ, ವಲಯ ಬದಲಾಗುತ್ತಿರುತ್ತೆ, ಹಾರಿಸೋ ದಿನ ಮತ್ತೊಮ್ಮೆ ನೋಡಿ. ಆಮೇಲೆ ಗದ್ದೆ ಯಜಮಾನರನ್ನೂ ಕೇಳಿ. ಸೈಲೆನ್ಸರ್ ಹಾಗೇ ಇರಲಿ, ತೂಕ ಉಳಿಸೋಕೆ ಅಂತ ತೆಗೀಬೇಡಿ. ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಆ ಸದ್ದು ಎರಡು ಊರಿಗೆ ಕೇಳುತ್ತೆ.